ಎಡಗಡೆಯ ಸೀಟು, ನಾಲ್ಕು ಟೈರು

ನನ್ನ ಅತ್ತಿಗೆಯ ಬಲ ಮೊಣಕೈ ಎಡ ಮೊಣಕೈಗಿಂತ ಕಪ್ಪಾಗಿತ್ತು. ಕಾರಿನ ಬಾಗಿಲ ಅಂಚಿಗೆ ಊರಿ ಊರಿ, ಬಿಸಿಲು ಕುಡಿದು, ಅಲ್ಲಿಯ ಚರ್ಮ ಹುರಿದ ಹುಣಸೆಬೀಜದ ಬಣ್ಣಕ್ಕೆ ತಿರುಗಿತ್ತು. ದೇವರೆದುರು ಕೈಮುಗಿದು ನಿಂತಾಗ ಆ ಎರಡು ಕೈಗಳು ಬೇರೆ ಬೇರೆ ಹೆಂಗಸರವೇನೋ ಎಂಬಂತೆ ಕಾಣುತ್ತಿದ್ದವು. ಸೇವಾವಧಿಯನ್ನೆಲ್ಲ ಆಸ್ಪತ್ರೆಯ ವಾರ್ಡಿನೊಳಗೆ ಕಳೆದ ನನ್ನ ಎರಡೂ ಕೈ ಒಂದೇ ಬಣ್ಣ. ಆ ಕಪ್ಪು ಮೊಣಕೈ ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಅವರು ನನ್ನ ಗಂಡನ ಅಕ್ಕ. ಭಟ್ಕಳದ ಹತ್ತಿರ ತೆಂಗಿನಗುಂಡಿಯಲ್ಲಿ ಅವರ ಮನೆ. ದೋಣಿಯವರ ಮನೆತನ, ಗಂಡಸರೆಲ್ಲ ಸಮುದ್ರಕ್ಕೆ ಹೋಗುವವರು. ಅತ್ತಿಗೆ ಮದುವೆಯಾಗದೆ ಗೋವಾದ ಒಂದು ವಿಮಾ ಕಚೇರಿಯಲ್ಲಿ ದುಡಿದು, ನಿವೃತ್ತಿಯಾಗಿ ಊರಿಗೆ ಬಂದರು. ಒಡವೆ ತರುತ್ತಾರೆ ಎಂದು ಮನೆಯವರು ಕಾದಿದ್ದರೆ ಅವರು ಕಾರು ತಂದರು. ಅದೂ ಹಳೆಯ ಸ್ಪೋರ್ಟ್ಸ್ ಕಾರು. ಮುರುಗಲು ಹಣ್ಣಿನ ಕಡುಗೆಂಪು ಬಣ್ಣ, ಮಂಡಿಯೆತ್ತರದ ಬಾಗಿಲು, ಮಳೆ ಬಂದರೆ ಎಳೆದು ಮುಚ್ಚುವ ದಪ್ಪ ಬಟ್ಟೆಯ ಮಾಡು. ಸೀಟು ಎರಡೇ.

ಕಾರು ಅಂಗಳಕ್ಕೆ ಬಂದ ದಿನ ದಾಯಾದಿಯೊಬ್ಬ ಅದರ ಸುತ್ತ ಒಂದು ಸುತ್ತು ಬಂದು ಕೇಳಿದ.

"ಎಂತ ಅಕ್ಕ, ಅರ್ಧ ಕಾರು ತಂದ್ಯಲ್ಲ? ಹಿಂದಿನ ಅರ್ಧ ಎಲ್ಲಿ?"

"ಹಿಂದೆ ಕೂರೋರಿಗೆ ಬಾಯಿ ಜಾಸ್ತಿ ಮಾರಾಯ. ಅದ್ಕೇ ಅದು ಬೇಡ ಅಂದೆ."

ಎಲ್ಲರೂ ನಕ್ಕರು. ನನ್ನ ಗಂಡ ನಗಲಿಲ್ಲ; ಆಗಲೇ ಎಡಗಡೆಯ ಸೀಟಿನಲ್ಲಿ ಹೋಗಿ ಕೂತಿದ್ದರು.

ನಾವಿರುವುದು ಹೊನ್ನಾವರದಲ್ಲಿ. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಎರಡು ಸಣ್ಣ ಹಾರ್ನ್ ಕೇಳುತ್ತಿತ್ತು. ನಾನು ಮೂರು ಸಲ ಕರೆದರೂ ತಿಂಡಿಗೆ ಏಳದ ಮನುಷ್ಯ ಆಗಲೇ ಚಪ್ಪಲಿ ಮೆಟ್ಟಿ ನಿಂತಿರುತ್ತಿದ್ದರು. ಅಕ್ಕ ತಮ್ಮ ಹೊರಟು ಮಧ್ಯಾಹ್ನದ ಹೊತ್ತಿಗೆ ಬರುವರು. ಗಂಡನ ಕೂದಲು ಕೆದರಿ, ಮುಖ ಕೆಂಪಾಗಿ, ಹತ್ತು ವರ್ಷ ಕಡಿಮೆಯಾದಂತೆ ಕಾಣುತ್ತಿತ್ತು. ಅತ್ತಿಗೆ ಮುಡಿದ ಅಬ್ಬಲಿಗೆ ದಂಡೆ ಅಷ್ಟು ಗಾಳಿಯಲ್ಲೂ ಅಲುಗಿರುತ್ತಿರಲಿಲ್ಲ. ಅದನ್ನು ಹೇಗೆ ಕಟ್ಟುತ್ತಿದ್ದರೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

"ನೀನೂ ಬರೂದಾಗಿತ್ತು ಸಿಸ್ಟರಮ್ಮ," ಎನ್ನುತ್ತಿದ್ದರು. ನಾನು ನರ್ಸ್ ಆಗಿದ್ದವಳೆಂದು ಅವರು ಇಟ್ಟ ಹೆಸರು ಅದು.

"ಎಲ್ಲಿ ಕೂರೂದು? ಬೋನೆಟ್ಟಿನ ಮೇಲಾ?"

"ಅಲ್ಲಿ ಬಿಸಿ. ನೀ ಮೊದ್ಲೇ ಬಿಸಿ."

ನಾನು ನಿಯಮದವಳು. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯ ಬಟ್ಟೆಯ ಮೂಲೆ ಮಡಚುವುದು, ಹೊತ್ತಿಗೆ ಸರಿಯಾಗಿ ಊಟ, ಚಾ, ಔಷಧ. ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ; ನನ್ನ ವಾರ್ಡಿನಲ್ಲಿ ಜನ ಬದುಕಿದ್ದೇ ಇದರಿಂದ. ಆದರೆ ನಮ್ಮ ಮನೆಯಲ್ಲಿ ಪ್ರೀತಿ ಮಾತ್ರ ಯಾವ ನಿಯಮಕ್ಕೂ ಸಿಗದೆ ಅತ್ತಿಗೆಯ ಹಿಂದೆ ಓಡುತ್ತಿತ್ತು.

ಒಂದು ವರ್ಷ ಟೈರು ಬದಲಾಯಿಸುವ ಕಾಲ ಬಂತು. ಅಕ್ಕ ತಮ್ಮ ಭಟ್ಕಳ, ಹೊನ್ನಾವರ, ಕುಮಟಾದ ಅಂಗಡಿಗಳನ್ನೆಲ್ಲ ಹುಡುಕಿದರು. ನನ್ನ ಸೀರೆ ಆರಿಸಲು ಒಂದು ಅಂಗಡಿಯ ಮೆಟ್ಟಿಲು ಹತ್ತಲು ಬೇಸರಪಡುತ್ತಿದ್ದ ಗಂಡ ಊಟಕ್ಕೆ ಕೂತರೆ ಟೈರಿನದೇ ಮಾತು.

"ಅಗಲ ಸ್ವಲ್ಪ ಹೆಚ್ಚು ಕಡಿಮೆ ಆದ್ರೂ ನಡೀತದೆ. ಎತ್ತರ ಹೆಚ್ಚಾಗ್ಬಾರ್ದು. ಆ ಗಾಡಿ ನೆಲಕ್ಕೆ ಅಂಟಿದ್ದು, ಟೈರು ಎತ್ತರ ಆದ್ರೆ ಮಡ್‌ಗಾರ್ಡಿಗೆ ಉಜ್ಜತ್ತೆ."

"ಸಾರು ಹೇಗಿದೆ?" ಎಂದೆ.

"ಯಾವ ಸಾರು?" ಎಂದರು.

ಅತ್ತಿಗೆಗೆ ದಿನವೂ ಬೆಳಿಗ್ಗೆ ಟೈರು ಮುಟ್ಟಿ ನೋಡುವ ಅಭ್ಯಾಸವಿತ್ತು. ನಾನು ರೋಗಿಯ ಹಣೆ ಮುಟ್ಟಿದಂತೆ, ಅಂಗೈಯಿಂದಲ್ಲ, ಬೆರಳುಗಳ ಹಿಂಬದಿಯಿಂದ. ಸುತ್ತ ಬಂದು ನಾಲ್ಕನ್ನೂ ಮುಟ್ಟಿ, ಪಟ್ಟೆಯ ಸಂದಿಯಲ್ಲಿ ಸಿಕ್ಕಿದ ಕಲ್ಲುಗಳನ್ನು ಹೇರ್‌ಪಿನ್ನಿನಿಂದ ತೆಗೆಯುತ್ತಿದ್ದರು. "ರಸ್ತೆಗೆ ತಾಗೂದು ನಾಲ್ಕು ಅಂಗೈಯಷ್ಟು ಜಾಗ ಮಾರಾಯ್ತಿ. ಉಳಿದದ್ದೆಲ್ಲ ಗಾಳಿಲಿ. ಆ ನಾಲ್ಕು ಅಂಗೈ ನಂಬಿ ನಾ ಹೊರಡೂದು," ಎನ್ನುವರು. ನಂಬಿಕೆಯ ಮಾತನ್ನು ಅವರು ದೇವರ ಬಗ್ಗೆ ಆಡಿದ್ದನ್ನು ನಾನು ಕೇಳಿಲ್ಲ.

ಆಮೇಲೆ ನನ್ನ ಗಂಡ ಹಾಸಿಗೆ ಹಿಡಿದರು. ನೋಡಿಕೊಂಡವಳು ನಾನು. ನನ್ನ ಕೈಯಿಂದಲೇ ಗಂಜಿ ಕುಡಿದು, ಬಾಯಿ ಒರೆಸಿದ ಕೂಡಲೇ, "ಅಕ್ಕ ಬಂದ್ಳಾ?" ಎಂದು ಕೇಳುತ್ತಿದ್ದರು. ಬರುತ್ತಿದ್ದರು, ದಿನವೂ. ಮಂಚದ ಅಂಚಿಗೆ ಕೂತು, ತಾವು ಬರುವ ದಾರಿಯ ಮಂಕಿಯ ತಿರುವಿನಲ್ಲಿ ಯಾವ ಲಾರಿ ಕೆಟ್ಟು ನಿಂತಿದೆ, ಶರಾವತಿಯ ನೀರು ಯಾವ ಬಣ್ಣಕ್ಕಿದೆ ಎಂದು ಹೇಳಿ ನಗಿಸಿ ಹೋಗುವರು. ಔಷಧ ನನ್ನದು, ನಗು ಅವರದು. ಗಂಡ ಹೋದ ಮೇಲೆ ಭಾನುವಾರದ ಹಾರ್ನ್ ನಿಂತಿತು. ಆ ಕಾರಿನ ಗಡಸು ಸದ್ದು ಹೆದ್ದಾರಿಯ ಸೇತುವೆಯ ಮೇಲೆ ಹಾದುಹೋಗುವುದು ನನಗೆ ಮನೆಯಿಂದಲೇ ಗೊತ್ತಾಗುತ್ತಿತ್ತು. ನಿಲ್ಲುತ್ತಿರಲಿಲ್ಲ. ತಮ್ಮ ಇಲ್ಲದ ಮೇಲೆ ನಾನು ಅವರಿಗೆ ಯಾರು ಎಂದುಕೊಂಡು ಸುಮ್ಮನಿದ್ದೆ.

ಮಳೆಗಾಲ ಹತ್ತಿರ ಬಂದಿದ್ದ ಒಂದು ಬೆಳಿಗ್ಗೆ ಹಾರ್ನ್ ಇಲ್ಲದೆ ಬಂದು ಗೇಟು ತೆರೆದರು.

"ಟೈರು ಹೋತು. ಪಕ್ಕೆಯೆಲ್ಲ ಬಿರಿದಿದೆ. ಪಂಕ್ಚರಿನಂವ ಮುಟ್ಟೂಕೇ ತಯಾರಿಲ್ಲ, ಮಳೆಲಿ ಇದನ್ನ ಓಡಿಸ್ಬೇಡಿ ಅಂದ. ಕುಮಟೆಗೆ ಹೋಗೂದು. ಹತ್ತು."

"ನಾನಾ?"

"ಮತ್ತೆ? ನಿನ್ನ ಹಿಂದೆ ಯಾರಾರೂ ಇದ್ದಾರಾ?"

ಆ ಟೈರುಗಳು ನನ್ನ ಗಂಡ ಆರಿಸಿದವು. ಉಪ್ಪುಗಾಳಿಗೂ ಬಿಸಿಲಿಗೂ ರಬ್ಬರು ಒಣಗಿ ಸೀಳು ಬಿಟ್ಟಿತ್ತು. ಪಟ್ಟೆಯೇನೋ ಇನ್ನೂ ಉಳಿದಿತ್ತು. ಸವೆಯುವ ಮೊದಲೇ ಮುಪ್ಪಾಗಿದ್ದವು. ಸೀಟಿನಲ್ಲಿ ಕೂತೆ. ಗಂಡನ ಉದ್ದ ಕಾಲಿಗೆಂದು ಹಿಂದಕ್ಕೆ ದೂಡಿದ್ದ ಸೀಟನ್ನು ಯಾರೂ ಮುಂದಕ್ಕೆ ತಂದಿರಲಿಲ್ಲ. ನಾನು ಗಿಡ್ಡ. ಕಾಲು ಚಾಚಿದರೂ ಮುಂದಿನ ಹಲಗೆ ಸಿಗಲಿಲ್ಲ. ಕೆಳಗೆ ಕೈಹಾಕಿ ಸೀಟು ಎಳೆಯುವ ಹಿಡಿ ಹುಡುಕಿದೆ.

"ಇರ್ಲಿ, ಮುಟ್ಬೇಡ," ಎಂದರು ಅತ್ತಿಗೆ, ರಸ್ತೆ ನೋಡುತ್ತ.

ಕುಮಟಾ ಮುಟ್ಟುವವರೆಗೆ ಶಾಲೆಯ ಬೆಂಚಿನ ಮೇಲಿನ ಮಗುವಿನಂತೆ ಕೂತಿದ್ದೆ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಗಂಡನ ಮುಖ ಯಾಕೆ ಕೆಂಪಾಗುತ್ತಿತ್ತೆಂದು ತಿಳಿಯಿತು. ಇಷ್ಟನ್ನು ಇವರಿಬ್ಬರೇ ಇಷ್ಟು ವರ್ಷ ತಿಂದರಲ್ಲ ಎಂದು ಹೊಟ್ಟೆಯುರಿ ಕಡಿಮೆಯಾಗುವ ಬದಲು ಹೆಚ್ಚಾಯಿತು.

ಅಂಗಡಿಯವನು ಹಳೆಯ ಟೈರಿನ ಮೇಲಿನ ಅಳತೆ ಓದಿ ತಲೆಯಲ್ಲಾಡಿಸಿದ.

"ಅಕ್ಕೋರೆ, ಈ ಸೈಜು ಈಗ ಯಾರೂ ಇಡೂದಿಲ್ಲ. ಇದು ಹಾಕಿ. ಎಲ್ಲ ಸಣ್ಣ ಕಾರಿಗೂ ಹಾಕೂದೇ. ಸ್ವಲ್ಪ ಎತ್ತರ, ಅಷ್ಟೇ."

ಹಿಂದಿನ ಎರಡು ಗಾಲಿಗೆ ಹಾಕಿ ತೋರಿಸಿದ. ಅತ್ತಿಗೆ ಒಬ್ಬರೇ ಕೂತು ಅಂಗಡಿಯ ಮುಂದಿನ ಉಬ್ಬು ದಾಟಿ ಬಂದರು. ಏನೂ ಆಗಲಿಲ್ಲ. "ನೀ ಕೂತ್ಕ," ಎಂದು ನನ್ನನ್ನು ಹತ್ತಿಸಿಕೊಂಡು ಮತ್ತೆ ದಾಟಿದರು. ನನ್ನ ಬದಿಯ ಹಿಂದಿನ ಗಾಲಿ 'ಸರ್ರ್' ಎಂದು ಮಡ್‌ಗಾರ್ಡಿಗೆ ಉಜ್ಜಿತು. ಗಂಡ ಊಟದ ಹೊತ್ತಿಗೆ ಹೇಳುತ್ತಿದ್ದ ಸದ್ದು ಇದೇ ಇರಬೇಕು.

"ಒಬ್ರೇ ಹೋಗೂದಾದ್ರೆ ಎಂತ ತೊಂದ್ರೆ ಇಲ್ಲ," ಎಂದ ಅಂಗಡಿಯವನು. "ಇಬ್ರು ಅಂದ್ರೆ ಸರಿಯಾದ ಸೈಜೇ ಬೇಕು. ಹುಬ್ಬಳ್ಳಿಯಿಂದ ತರಿಸ್ಬೇಕು. ಯಾವಾಗ ಬರ್ತದೆ ಹೇಳೂಕೆ ಆಗೂದಿಲ್ಲ. ಅಲ್ಲಿವರೆಗೆ ಗಾಡಿ ಇಲ್ಲೇ ಬಿಡಿ, ಹಳೇ ಟೈರಲ್ಲಿ ವಾಪಸ್ ಹೋಗ್ಬೇಡಿ."

ಕಾರಿಲ್ಲದೆ ಅತ್ತಿಗೆ ಒಂದು ದಿನವೂ ಇದ್ದವರಲ್ಲ. ಪೇರಿಸಿಟ್ಟ ಟೈರುಗಳ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಅಂವ ಇಲ್ಲ. ನಂಗೊಬ್ಳಿಗೆ ಎತ್ತರದ್ದೇ ಸಾಕು," ಎಂದು ನೆಲ ನೋಡುತ್ತ ಹೇಳಿದರು. ಆಮೇಲೆ ತಲೆಯೆತ್ತಿದರು. "ನೀ ಎಂತ ಹೇಳ್ತಿ ಸಿಸ್ಟರಮ್ಮ? ಎಡಗಡೆ ಸೀಟು ಬೇಕಾ, ಬೇಡ್ವಾ? ಅದ್ರ ಮೇಲೆ ಟೈರು."

ಬೇಡ ಎಂದಿದ್ದರೆ ಆ ಸೀಟು ಅಂದೇ ಮುಚ್ಚುತ್ತಿತ್ತು. ನನ್ನ ಗಂಡನ ಜಾಗದಲ್ಲಿ ಇನ್ನು ಯಾರೂ ಕೂರುವಂತಿರಲಿಲ್ಲ. ಅದು ನನಗೆ ಒಂದು ಗಳಿಗೆ ಚೆನ್ನಾಗಿಯೇ ಕಂಡಿತು. ಆದರೆ ಕಾರು ಓಡುವುದು ನಿಲ್ಲುವುದಿಲ್ಲವಲ್ಲ. ಆ ಖಾಲಿ ಸೀಟನ್ನು ಪಕ್ಕದಲ್ಲಿಟ್ಟುಕೊಂಡು ಭಟ್ಕಳದಿಂದ ಕುಮಟಾದವರೆಗೆ ಅವರೊಬ್ಬರೇ ತಿರುಗುತ್ತಾರೆ. ತಮ್ಮ ಇದ್ದಾಗ ತಮ್ಮನೂ ಅವರವನು, ಇಲ್ಲದಾಗ ಅವನಿಲ್ಲದ ಜಾಗವೂ ಅವರದು. ಅದನ್ನು ನನ್ನಿಂದ ಸಹಿಸಲು ಆಗಲಿಲ್ಲ.

"ಭಾನುವಾರ ಆಗೂದಿಲ್ಲ," ಎಂದೆ. "ಅದು ಹಾಸಿಗೆ ಬಟ್ಟೆ ಒಗೆಯೋ ದಿನ. ಬುಧವಾರ ಆಗ್ತದೆ. ಮಧ್ಯಾಹ್ನ ಊಟ ಆದ್ಮೇಲೆ. ದೀಪ ಹಚ್ಚೋ ಹೊತ್ತಿಗೆ ಮನೆಗೆ ತಂದು ಬಿಡ್ಬೇಕು."

ಅಂಗಡಿಯವನು ನಮ್ಮಿಬ್ಬರ ಮುಖ ನೋಡಿದ. "ಅಂದ್ರೆ ಯಾವ ಟೈರು ಅಕ್ಕೋರೆ?"

"ಹುಬ್ಬಳ್ಳಿದು," ಎಂದರು ಅತ್ತಿಗೆ. ಎದ್ದು ಕಾರಿನ ಹತ್ತಿರ ಹೋಗಿ, ಎಡಗಡೆಯ ಬಾಗಿಲು ತೆರೆದು, ಬಗ್ಗಿ ಹಿಡಿ ಎಳೆದು ಸೀಟನ್ನು ಮುಂದಕ್ಕೆ ತಂದರು. ತುಕ್ಕು ಹಿಡಿದಿತ್ತು, ಎರಡು ಸಲ ಎಳೆಯಬೇಕಾಯಿತು. ನನ್ನ ಕಡೆ ನೋಡಲಿಲ್ಲ. ಮರಳುವಾಗ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಮ್ಮ ನಡುವೆ ಒಬ್ಬ ದಪ್ಪ ಗಂಡಸು ಕೂತಿದ್ದ. "ಕಂಡ್ಯಾ, ಅದ್ಕೇ ಎರಡು ಸೀಟು," ಎಂದು ಅವನ ಹೊಟ್ಟೆಯ ಮೇಲಿಂದ ಬಾಗಿ ಹೇಳಿದರು.

ಟೈರು ಬಂದದ್ದು ಮೊದಲ ಮಳೆ ಸುರಿದ ಮೇಲೆ. ಹಳೆಯ ನಾಲ್ಕನ್ನೂ ತೆಂಗಿನಗುಂಡಿಯ ದೋಣಿಯವರು ಕೇಳಿ ಪಡೆದರು. ದಕ್ಕೆಯ ಕಟ್ಟೆಗೆ ತಾಗಿ ಪೆಟ್ಟಾಗದಂತೆ ದೋಣಿಯ ಬದಿಗೆ ಟೈರು ಕಟ್ಟುತ್ತಾರೆ. ಒಮ್ಮೆ ನೋಡಲು ಹೋದೆ. ನೂರಾರು ಟೈರು, ಎಲ್ಲ ಒಂದೇ ಕಪ್ಪು. ಅತ್ತಿಗೆ ನಿಂತಲ್ಲಿಂದಲೇ ಬೆರಳು ತೋರಿಸಿದರು: "ಅಗೋ, ಅದು ನಮ್ದು." ನನ್ನ ಗಂಡ ಆರಿಸಿದ್ದನ್ನು ನಾನು ಗುರುತಿಸಲಾರದೆ ಹೋದೆ. ಆ ಸಂಜೆ ಅವರೊಂದಿಗೆ ಮಾತಾಡಲಿಲ್ಲ.

ಬುಧವಾರಗಳು ನಡೆದವು. ಜಗಳವಾಡುತ್ತ ಕುಮಟಾಕ್ಕೆ, ಒಂದು ಸಲ ಓಂ ಬೀಚಿನವರೆಗೂ ಹೋಗಿ ಬಂದೆವು. ಅಲ್ಲಿ ಪ್ರವಾಸಿ ಹುಡುಗಿಯರು ಕಾರಿನ ಜೊತೆ ಅತ್ತಿಗೆಯ ಫೋಟೊ ತೆಗೆದುಕೊಂಡರು. ನನ್ನನ್ನು, "ಆಂಟಿ, ಸ್ವಲ್ಪ ಆಚೆ ಹೋಗ್ತೀರಾ?" ಎಂದರು. ಅತ್ತಿಗೆ ದಾರಿಯುದ್ದಕ್ಕೂ ನಕ್ಕರು.

ಕಳೆದ ಮಳೆಗಾಲದ ಕೊನೆಗೆ, ರಾತ್ರಿ ಊಟ ಮಾಡಿ ಮಲಗಿದ ಅತ್ತಿಗೆ ಬೆಳಿಗ್ಗೆ ಏಳಲಿಲ್ಲ. ಉತ್ತರಕ್ರಿಯೆಯ ಊಟಕ್ಕೆ ತೆಂಗಿನಗುಂಡಿಯ ಅಂಗಳ ತುಂಬಿತ್ತು. ಪಾಯಸ ಬಡಿಸುತ್ತಿದ್ದವಳು ನಾನು. ಪಂಕ್ತಿಯುದ್ದಕ್ಕೂ ಒಂದೇ ಮಾತು. ತನ್ನನ್ನು ಒಮ್ಮೆ ಭಟ್ಕಳದ ಆಸ್ಪತ್ರೆಗೆ ಅದೇ ಸೀಟಿನಲ್ಲಿ ಕೂರಿಸಿಕೊಂಡು ಹೋಗಿದ್ದರು ಎಂದು ಒಬ್ಬರು. ಮದುವೆಯ ದಿನ ತನ್ನ ಮಗಳು ಕೂತಿದ್ದು ಅದರಲ್ಲೇ ಎಂದು ಇನ್ನೊಬ್ಬರು. ಮಸೀದಿ ಕೇರಿಯ ಹಿರಿಯರು, ದೇವಸ್ಥಾನದ ಭಟ್ಟರು, ಅಂಚೆಯ ಹುಡುಗಿ, ಎಲ್ಲರೂ ಕೂತವರೇ. ಆ ಸೀಟು ಮೊದಲು ಗಂಡನದು, ಆಮೇಲೆ ನನ್ನದು ಎಂದುಕೊಂಡಿದ್ದೆ. ಇಡೀ ತಾಲೂಕೇ ಅದರಲ್ಲಿ ಕೂತೆದ್ದಿತ್ತು. ಸಿಟ್ಟಿನಿಂದ ಸೌಟನ್ನು ಪಾತ್ರೆಯ ಅಂಚಿಗೆ ಬಡಿದು ಮುಂದಿನ ಎಲೆಗೆ ಹೋದೆ.

ಪಂಕ್ತಿಯ ತುದಿಯಲ್ಲಿ ಮಂಕಿಯ ಮೀನು ಮಾರುವ ಹೆಂಗಸು ಕೂತಿದ್ದಳು.

"ನೀನೂ ಕೂತಿದ್ಯಾ?" ಎಂದೆ.

"ಸುಮಾರು ಸಲ ಅಮ್ಮ. ಬುಟ್ಟಿ ಸಮೇತ. ಮೊದ್ಲೆಲ್ಲ ಕಾಲಡಿಗೆ ಬುಟ್ಟಿ ಇಡೂಕೆ ಜಾಗ ಇತ್ತು. ಆಮೇಲಾಮೇಲೆ ಸೀಟು ಮುಂದೆ ಬಂತು ನೋಡಿ, ಬುಟ್ಟಿ ತೊಡೆ ಮೇಲೆ ಇಟ್ಕಣೂದು. ಸ್ವಲ್ಪ ಹಿಂದೆ ದೂಡಿ ಅಕ್ಕ ಅಂದ್ರೆ ಕೇಳ್ಲೇ ಇಲ್ಲ. ಅದು ಅಲ್ಲೇ ಇರೂದು ಅಂದ್ರು."

ಅವಳ ಎಲೆಗೆ ಒಂದು ಸೌಟು ಪಾಯಸ ಬಡಿಸಿದೆ.

"ಒಳ್ಳೇ ಜೀವ ಅಮ್ಮ. ಕೈ ಮಾಡಿದ್ರೆ ನಿಲ್ಲಿಸ್ದೆ ಹೋದವರಲ್ಲ. ಬುಧವಾರ ಮಾತ್ರ ಹತ್ತಿಸ್ಕತಿರ್ಲಿಲ್ಲ. ನಿಲ್ಲಿಸ್ತಿದ್ರು, ಸೀಟು ಭರ್ತಿ ಆಗಿದೆ ಮಾರಾಯ್ತಿ, ನಾಳೆ ಬಾ ಅಂತಿದ್ರು. ಎಲ್ಲಿ ಭರ್ತಿ? ಖಾಲಿ ಇರೂದು. ನಾ ನನ್ನ ಕಣ್ಣಿಂದ ನೋಡಿದ್ದೆ ಅಮ್ಮ, ಆ ಸೀಟು ಖಾಲಿ!"

ಸಾಕು ಸಾಕು ಎಂದು ಅವಳು ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಪಾಯಸ ಹಾಕಿದೆ.