ಹೆಬ್ಬೆರಳಿನ ತೂತು

ಬಂದೂಕನ್ನು ಭುಜಕ್ಕಾನಿಸುವ ಮರದ ಭಾಗ ಕೆತ್ತುವುದರಲ್ಲಿ ಅಮೆರಿಕದ ವರ್ಮಾಂಟಿನ ಲೋರ್ನಾ ಪ್ರೂಯೆಟ್‌ಳದು ಪಳಗಿದ ಕೈ. ಪಿಸ್ತೂಲಿನಂಥ ಹಿಡಿಯಿರುವ ಅರೆಸ್ವಯಂಚಾಲಿತ ರೈಫಲ್‌ಗಳ ಆಮದನ್ನು ಸರ್ಕಾರ ತಡೆದ ವರ್ಷ, ಆಮದು ವ್ಯಾಪಾರಿ ಗ್ಯಾರೆಟ್ ಅವಳ ಬಳಿ ಓಡಿಬಂದ.

ಲೋರ್ನಾ ಆ ಹಿಡಿಯನ್ನು ಹಿಂಬದಿಯ ಮರಕ್ಕೇ ಕೂಡಿಸಿ, ನಡುವೆ ಹೆಬ್ಬೆರಳು ತೂರುವಷ್ಟು ತೂತು ಬಿಟ್ಟು ಮಾದರಿಯೊಂದನ್ನು ಕೆತ್ತಿಕೊಟ್ಟಳು. ಬೇರೆಯಾಗಿ ಚಾಚಿದ ಹಿಡಿ ಇಲ್ಲದ್ದರಿಂದ, ಅದರಂತೆ ತಯಾರಾದ ರೈಫಲ್‌ಗಳಿಗೆ ಬಂದರಿನಲ್ಲಿ ಅಡ್ಡಿಯಾಗಲಿಲ್ಲ.

"ಭಲೇ ಕಣೇ! ಒಂದು ತೂತಲ್ಲಿ ಕಾನೂನನ್ನೇ ತೂರಿಸಿಬಿಟ್ಟೆ," ಎಂದು ಗಂಡ ಎಲ್ಡನ್ ಪ್ಯಾನ್‌ಕೇಕಿಗೆ ಮೇಪಲ್ ಪಾಕ ಸುರಿಯುತ್ತಾ ನಕ್ಕ.

ನರ್ಸ್ ಆಗಿದ್ದ ಲೋರ್ನಾಳ ತಂಗಿ ಅಡೆಲ್ ಮಾತ್ರ ನಗಲಿಲ್ಲ. "ಅಲ್ವೇ ಲೋರ್ನಾ, ಅದರಿಂದ ಗುಂಡೇನಾದ್ರೂ ಮೆತ್ತಗಾಯ್ತಾ?"

"ಇಲ್ಲ. ಹಿಡ್ಕೊಳ್ಳೋಕೆ ಸ್ವಲ್ಪ ತೊಡಕು, ಅಷ್ಟೇ."

ಹೇಳಿದ ಮೇಲೆ ಆ ಉತ್ತರ ಅವಳನ್ನೇ ಕಾಡಿತು. ಕಾನೂನು ನೋಡಿದ್ದು ಆಕಾರವನ್ನು, ಅವಳು ಬದಲಿಸಿದ್ದೂ ಆಕಾರವನ್ನೇ.

ಕೆಲವು ವರ್ಷಗಳಾದ ಮೇಲೆ, ಬಹಳ ಗುಂಡು ತುಂಬುವ ದೊಡ್ಡ ಮ್ಯಾಗಜಿನ್ ಹಿಡಿಸುತ್ತವೆಂದು ಸರ್ಕಾರ ಆ ರೈಫಲ್‌ಗಳನ್ನೂ ತಡೆಯಿತು. ಗ್ಯಾರೆಟ್ ಮತ್ತೆ ಬಂದ.

"ಇನ್ನೊಂದು ಉಪಾಯ ಹುಡುಕಮ್ಮಾ."

"ಹುಡುಕಿದ್ರೆ ಸಿಗುತ್ತೆ ಗ್ಯಾರೆಟ್. ಅದಕ್ಕೇ ನಾನು ಹುಡುಕಲ್ಲ."

ಅವನು ಬೇರೊಬ್ಬ ಕುಶಲಕರ್ಮಿಯನ್ನು ಹಿಡಿದನೆಂದು ಆಮೇಲೆ ಕೇಳಿದಳು. ಆಶ್ಚರ್ಯವೇನೂ ಆಗಲಿಲ್ಲ. ಊರಿನ ಜಿಂಕೆ ಬೇಟೆಗಾರರ ಹಳೆಯ ಬಂದೂಕುಗಳಿಗೆ ಮರ ಕೆತ್ತಿಕೊಂಡು ಅವಳು ನೆಮ್ಮದಿಯಾಗಿದ್ದಳು.