ಬಾಗಿಲ ಮುಂದಿನ ಹೊಗೆ

ನನ್ನ ಮದುವೆಗೆ ಇನ್ನೆರಡು ದಿನವಿತ್ತು. ಕಡೂರಿನ ಹತ್ತಿರದ ನಮ್ಮ ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಎದ್ದಿತ್ತು, ನನಗೆ ಅರಿಶಿನವನ್ನೂ ಹಚ್ಚಿಯಾಗಿತ್ತು. ಆ ಮಧ್ಯಾಹ್ನ ಅಜ್ಜಂಪುರದಿಂದ ರೈಲಿನಲ್ಲಿ ಬಂದಿಳಿದ ಕೊಬ್ಬರಿ ವ್ಯಾಪಾರಿ ನಮ್ಮ ಜಗಲಿ ಹತ್ತದೆ ಕೆಳಗೇ ನಿಂತ. ಮುಖ ಸಣ್ಣದು ಮಾಡಿಕೊಂಡು, ಅಜ್ಜಂಪುರದ ಚಿಕ್ಕಜ್ಜ ತೀರಿಕೊಂಡರು ಎಂದ.

ಚಿಕ್ಕಜ್ಜ ಎಂದರೆ ನಮ್ಮಜ್ಜನ ತಮ್ಮ, ಅಜ್ಜಂಪುರದಲ್ಲಿ ಹೊಲ ಮನೆ ಮಾಡಿಕೊಂಡಿದ್ದವರು. ಕಂಡದ್ದಕ್ಕೆಲ್ಲ ಯಾಕೆ, ಹೇಗೆ ಎಂದು ಕೇಳುತ್ತಿದ್ದ ನನ್ನನ್ನು ಮನೆಯವರೆಲ್ಲ ತಲೆಹರಟೆ ಎನ್ನುತ್ತಿದ್ದರು. ಅವರೊಬ್ಬರು ಮಾತ್ರ ‘ಅಮಲ್ದಾರಮ್ಮ’ ಎಂದು ಕರೆದು, ಎದುರಿಗೆ ಕೂರಿಸಿಕೊಂಡು ಉತ್ತರ ಹೇಳುತ್ತಿದ್ದರು. ಅವರು ಹೋದರೆಂದರೆ ನಮಗೆಲ್ಲ ಸೂತಕ. ಸೂತಕದಲ್ಲಿ ಮದುವೆಯಿಲ್ಲ, ಮುಂದೆ ನೋಡಿದರೆ ಆಷಾಢ. ತರೀಕೆರೆಯ ಬೀಗರೋ ಬೆಕ್ಕು ಅಡ್ಡ ಹೋದರೂ ಬಂಡಿ ಹಿಂದಕ್ಕೆ ತಿರುಗಿಸುವ ಪೈಕಿ. ಇಂಥ ಅಪಶಕುನವಾದ ಮೇಲೆ ಬೇರೆ ಹೆಣ್ಣು ನೋಡಿಬಿಡುತ್ತಿದ್ದರು. ನನಗೋ ಆ ಹುಡುಗ ಹಿಡಿಸಿದ್ದ. ಆಗ ಹಾಗೆಲ್ಲ ಬಾಯಿ ಬಿಟ್ಟು ಹೇಳುವಂತಿರಲಿಲ್ಲ, ಈಗ ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ನಮ್ಮ ಕಡೆಯ ಕಟ್ಟಳೆಯಲ್ಲಿ ಒಂದು ಅನುಕೂಲವಿತ್ತು. ದೂರದ ಸಾವಿನ ಸುದ್ದಿ ಕಿವಿಗೆ ಬಿದ್ದಾಗಲೇ ಸೂತಕ, ಅಲ್ಲಿಯವರೆಗೆ ಇಲ್ಲ. ಅಪ್ಪ ಅದನ್ನೇ ಹಿಡಿದುಕೊಂಡ.

“ನಾನಂತೂ ಏನೂ ಕೇಳಿಲ್ಲ ಕಣ್ರೀ” ಎಂದ.

“ಏನ್ ಕೇಳಿಲ್ಲ?” ಎಂದರು ಅಜ್ಜಿ.

“ಚಿಕ್ಕಪ್ಪ ತೀರ್ಕಂಡಿದ್ದು.”

ಮನೆ ಎರಡು ಪಾಲಾಯಿತು. ಅಪ್ಪನ ಕಡೆಯವರು ಏನನ್ನೂ ಕೇಳಿರಲಿಲ್ಲ. ಅಜ್ಜಿಯ ಕಡೆಯವರು ಕೇಳಿದ್ದೇವೆಂದು ಸಾರಿ ಸಾರಿ ಹೇಳುತ್ತಿದ್ದರು. ಹೋಗಿ ನೋಡಿಕೊಂಡು ಬರೋಣ ಎಂದವರು ಮಾತ್ರ ಯಾರೂ ಇರಲಿಲ್ಲ, ಏಕೆಂದರೆ ನೋಡಿದರೆ ಯಾವುದಾದರೂ ಒಂದು ಪಾಲು ಸೋಲಬೇಕಾಗುತ್ತಿತ್ತು.

ನನಗೆ ಸಿಟ್ಟು ಬಂತು. ಮದುವಣಗಿತ್ತಿ ಹೊರಗಿನವರ ಜೊತೆ ಮಾತಾಡಬಾರದು ಎಂದಿದ್ದರು, ಹಾಗಾಗಿ ಬಾಗಿಲ ಮರೆಯಿಂದಲೇ ವ್ಯಾಪಾರಿಯನ್ನು ಕೇಳಿದೆ.

“ಅಜ್ಜನ್ನ ನೀನು ಕಣ್ಣಾರೆ ಕಂಡ್ಯಾ?”

“ಅವ್ರನ್ನ ಕಾಣ್ಲಿಲ್ಲ ತಾಯಿ. ಮಂಚ ಅಂಗಳದಾಗೆ ಮಗುಚಿ ಬಿದ್ದಿತ್ತು, ಬಾಗ್ಲ ಮುಂದೆ ಬೆರಣಿ ಹೊಗೆ ಆಡ್ತಿತ್ತು, ಮನೆಯೋರೆಲ್ಲ ಜಗಲಿ ಮ್ಯಾಲೆ ಮಂಕು ಬಡ್ದು ಕೂತಿದ್ರು. ಇನ್ನೇನು ಬೇಕು?”

ಸಾವಾದ ಮನೆಯ ಮುಂದೆ ಹೊಗೆ ಹಾಕುವುದು ನಮ್ಮ ರೂಢಿ. ದಾರಿಯಲ್ಲಿ ಹೋಗುವವರಿಗೆ ಆ ಹೊಗೆ ಕಂಡರೆ ಸಾಕು, ಬೇರೇನೂ ಹೇಳಬೇಕಿಲ್ಲ.

“ಹತ್ರ ಹೋಗಿ ವಿಚಾರಿಸ್ಲಿಲ್ವಾ?”

“ಹತ್ರ ಹೋದ್ರೆ ಮೈಲಿಗೆ ಆಗಿ ತಲೆಗೆ ನೀರು ಹುಯ್ಕಬೇಕಲ್ಲಮ್ಮ, ರೈಲು ತಪ್ಪೋಗುತ್ತೆ!”

ಹಾಗಾದರೆ ಅಜ್ಜಂಪುರದವರು ಸಾವಿನ ಸುದ್ದಿ ಹೇಳುವವನನ್ನು ಯಾಕೆ ಕಳಿಸಿಲ್ಲ ಎಂದು ಅಜ್ಜಿಯನ್ನು ಕೇಳಿದೆ. ಮದುವೆ ನಿಲ್ಲದಿರಲಿ ಎಂದು ಮುಚ್ಚಿಟ್ಟಿದ್ದಾರೆ, ಅದರಿಂದಲೇ ನಿಜವೆಂದು ಗೊತ್ತಾಗುತ್ತದೆ ಎಂದರು. ಸುದ್ದಿ ಬಂದರೂ ಸತ್ತರು, ಬರದಿದ್ದರೂ ಸತ್ತರು. ಚಿಕ್ಕಜ್ಜನಿಗೆ ಬದುಕಲು ದಾರಿಯೇ ಇರಲಿಲ್ಲ. ಸಂಜೆಯ ಹೊತ್ತಿಗೆ ಪಕ್ಕದ ಮನೆಯಾಕೆ ಅವರ ಬಾಯಿಗೆ ಕೊನೆಯ ಗುಟುಕು ಹಾಲು ಬಿಟ್ಟವರು ಯಾರೆಂಬುದನ್ನೂ ತಿಳಿದುಕೊಂಡು ಬಂದಿದ್ದಳು. ಅವಳು ಆ ದಿನ ಹಿತ್ತಲು ದಾಟಿದ್ದನ್ನು ನಾನು ಕಂಡಿರಲಿಲ್ಲ.

ಕೊನೆಗೆ ನಾನು ನಡುಮನೆಗೆ ಬಂದು ನಿಂತೆ. “ಯಾರಾದ್ರೂ ಹೋಗಿ ನೋಡ್ಕಂಡು ಬನ್ನಿ. ಅಜ್ಜ ಹೋಗಿದ್ರೆ ಮದುವೆ ನಿಲ್ಲಲಿ. ಅವರು ಮಣ್ಣಾಗಿರೋವಾಗ ಗೊತ್ತಿಲ್ದಂಗೆ ನಟಿಸಿ ಹೂ ಮುಡ್ಕಂಡು ಕೂರೋಳಲ್ಲ ನಾನು. ಬದುಕಿದ್ರೆ, ಬದುಕಿರೋರಿಗೆ ಯಾಕೆ ಸೂತಕ?”

ಹೇಳುವಾಗ ಧ್ವನಿ ಗಟ್ಟಿಯಾಗಿಯೇ ಇತ್ತು. ತರೀಕೆರೆಯ ಹುಡುಗನ ಮುಖ ಕಣ್ಣ ಮುಂದೆ ಬಂತು. ಮದುವೆಗೆಂದು ಬಂದಿದ್ದ ಸೋದರತ್ತೆ ಎದ್ದು, “ನಾನು ಕೊಟ್ಟ ಹೆಣ್ಣು, ನಂಗೆ ನಿಮ್ಮಷ್ಟು ಸೂತಕ ಇಲ್ಲ. ಬೆಳಿಗ್ಗೆ ರೈಲಿಗೆ ನಾನೇ ಹೋಯ್ತೀನಿ” ಎಂದಳು.

ಮಾರನೆಯ ದಿನ ಇಡೀ ಮನೆ ಅರ್ಧ ಮದುವೆಮನೆ, ಅರ್ಧ ಸಾವಿನ ಮನೆ. ಲಾಡು ಕಟ್ಟಲು ಬಂದವರು ಕಟ್ಟಬೇಕೋ ಬೇಡವೋ ತಿಳಿಯದೆ ಬೂಂದಿ ತಿನ್ನುತ್ತಾ ಕೂತಿದ್ದರು. ಸಂಜೆ ಸ್ಟೇಷನ್ನಿನಿಂದ ಬಂಡಿ ಬಂತು. ಮೊದಲು ಅತ್ತೆ ಇಳಿದಳು. ಅವಳ ಹಿಂದೆ, ಮೊಣಕೈ ಕೆರೆದುಕೊಳ್ಳುತ್ತಾ, ಚಿಕ್ಕಜ್ಜ ಇಳಿದರು. ಪಕ್ಕದ ಮನೆಯಾಕೆ ಕಿಟಾರನೆ ಕಿರುಚಿ ಒಳಗೆ ಓಡಿದಳು.

“ತಿಗಣೆ ಕಣ್ರೋ, ತಿಗಣೆ!” ಎಂದಳು ಅತ್ತೆ. “ಮಂಚ ಹೊರಗೆ ಹಾಕಿ ಕುದಿಯೋ ನೀರು ಹುಯ್ದು ಹೊಗೆ ಕೊಟ್ಟವ್ರೆ. ಎರಡು ರಾತ್ರಿ ನಿದ್ದೆ ಇಲ್ದೆ ಎಲ್ರೂ ಮಂಕಾಗಿದ್ರು. ಚಿಕ್ಕಪ್ಪ ಹಿತ್ತಲ ಹುಣಸೆ ಮರದಡಿ ಗೊರಕೆ ಹೊಡೀತಿದ್ರಂತೆ!”

ಅಪ್ಪ ತಕ್ಷಣ, ತಾನು ಏನೂ ಕೇಳಿಲ್ಲವೆಂದು ಮೊದಲೇ ಹೇಳಿದ್ದಾಗಿ ಎಲ್ಲರಿಗೂ ಜ್ಞಾಪಿಸಿದ. ಅಜ್ಜಿ ಮೈದುನನನ್ನು ಮೇಲಿಂದ ಕೆಳಗೆ ನೋಡಿ, ಬಡವಾಗಿದ್ದೀಯ ಎಂದಷ್ಟೇ ಹೇಳಿ ಒಳಗೆ ಹೋದರು. ಲಾಡು ಕಟ್ಟುವವರು ಕೈ ತೊಳೆದು ಕೆಲಸಕ್ಕೆ ಕೂತರು.

ಚಿಕ್ಕಜ್ಜನಿಗೆ ಇದೆಲ್ಲ ಭಾರಿ ಖುಷಿ. ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, “ಯಾರ್ಯಾರು ಎಷ್ಟೆಷ್ಟು ಅತ್ರಿ, ಹೇಳ್ರಪ್ಪ ನೋಡಾಣ” ಎಂದರು. ಒಬ್ಬೊಬ್ಬರೂ ತಾವು ಅತ್ತದ್ದನ್ನು ಕೊಂಚ ಸೇರಿಸಿಯೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀನು?”

“ಒಂದು ಹನೀನೂ ಇಲ್ಲ ಅಜ್ಜ. ಖಾತ್ರಿ ಆಗ್ಲಿ ಅಂತ ಕಾದೆ.”

ಅವರು ಹೊಟ್ಟೆ ಕುಣಿಯುವ ಹಾಗೆ ನಕ್ಕು ಕೈ ಮುಂದೆ ಚಾಚಿದರು. “ಈಗ ಆಯ್ತೇನು?”

ಆ ಕೈ ಹಿಡಿದು ನೋಡಿದೆ. ತಿಗಣೆ ಕಚ್ಚಿ ಕೆಂಪಗೆ ದದ್ದು ಎದ್ದಿತ್ತು, ಕೈ ಬೆಚ್ಚಗಿತ್ತು. ಆಯ್ತು ಎನ್ನಲು ಬಾಯಿ ತೆರೆದವಳಿಗೆ ಅಳು ಬಂತು.