ಅಣ್ಣನ ಫೋಲ್ಡರು, ತಮ್ಮನ ಫೋಲ್ಡರು

ದಿವ್ಯಳಿಗೆ ಜನರ ಬಗ್ಗೆ ಗೌರವ ಕಡಿಮೆ. ಅದನ್ನು ಅವಳು ಯಾರ ಮುಂದೆಯೂ ಮುಚ್ಚಿಟ್ಟವಳಲ್ಲ. ಹೆಮ್ಮಿಗೆಯಲ್ಲಿ ಹುಟ್ಟಿ, ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ, ನಂಜನಗೂಡಿನ ಒಂದು ಕೇಬಲ್ ಆಫೀಸಿನಲ್ಲಿ ವರ್ಷಗಟ್ಟಲೆ ದುಡಿದಿದ್ದಳು. ಟಿವಿ ಬರುತ್ತಿಲ್ಲ ಎಂದು ಫೋನಿನಲ್ಲಿ ಬಾಯಿಗೆ ಬಂದಂತೆ ಕೂಗಾಡಿದವರ ಮನೆಗೆ ಹೋಗಿ ನೋಡಿದರೆ ಅರ್ಧ ಮಂದಿ ಗೋಡೆಯ ಸ್ವಿಚ್ಚೇ ಹಾಕಿರುತ್ತಿರಲಿಲ್ಲ. ಹಾಕಿ ತೋರಿಸಿದರೆ, "ಈಗ್ ತಾನೇ ಆಫ್ ಮಾಡಿದ್ದು ಕಣಮ್ಮ" ಎನ್ನುತ್ತಿದ್ದರು. ಆ ಕೆಲಸ ಬಿಟ್ಟು ಒಳರಸ್ತೆಯಲ್ಲಿ ಸ್ವಂತ ಅಂಗಡಿ ಹಿಡಿದು ಸಿಸಿಟಿವಿ, ವೈಫೈ, ಕಂಪ್ಯೂಟರ್ ರಿಪೇರಿ ಶುರುಮಾಡಿದಳು. ಅಲ್ಲಿಗೂ ಬಂದವರು ಅವಳ ತಲೆಯ ಮೇಲಿಂದ ಒಳಗೆ ಇಣುಕಿ, "ಯಾರೂ ಇಲ್ವಾ?" ಎಂದು ಕೇಳುತ್ತಿದ್ದರು. "ಯಾರೂ ಇಲ್ಲ" ಎಂದುಬಿಡುತ್ತಿದ್ದಳು. ಕೆಲವರು ಹಾಗೇ ವಾಪಸು ಹೋದದ್ದೂ ಉಂಟು.

ತಿ. ನರಸೀಪುರದಿಂದ ಅಕ್ಕಿ ಗಿರಣಿಯ ಮಲ್ಲಿಕಾರ್ಜುನ್ ಫೋನ್ ಮಾಡಿದ್ದು ಕಳೆದ ಶ್ರಾವಣದಲ್ಲಿ.

"ನಮ್ಮನೇಲಿ ಒಂದು ಮೀಡಿಯಾ ಸರ್ವರ್ ಮಡಗಿದೀನಿ ಕಣ್ರೀ. ಎಲ್ಲಾ ನಾನೇ ಮಾಡಿದ್ದು, ಯೂಟ್ಯೂಬ್ ನೋಡ್ಕಂಡು. ಒಂದ್ ಸಣ್ಣ ಪ್ರಾಬ್ಲಮ್ಮು. ನಂಗೆ ಟೈಮಿಲ್ಲ, ಇಲ್ದಿದ್ರೆ ನಾನೇ ಮಾಡ್ಕತಿದ್ದೆ."

ಟೈಮಿಲ್ಲದವರನ್ನು ದಿವ್ಯ ಬೇಕಾದಷ್ಟು ನೋಡಿದ್ದಳು. ಗಿರಣಿಯ ಆಫೀಸಿನಲ್ಲಿ ಹಳೆಯದಾಗಿದ್ದ ಕಂಪ್ಯೂಟರನ್ನು ಈತ ಮನೆಗೆ ತಂದು, ಸಿನಿಮಾ, ಮನೆಯ ಸಮಾರಂಭಗಳ ವೀಡಿಯೋ ಎಲ್ಲವನ್ನೂ ಅದಕ್ಕೆ ತುಂಬಿ, ಮನೆಯ ಯಾವ ಟಿವಿಯಲ್ಲಾದರೂ ನೋಡುವಂತೆ ಮಾಡಿದ್ದ. ಅಲ್ಲಿಯವರೆಗೆ ಸರಿ. ಆಮೇಲೆ ಹಾರ್ಡ್‌ಡಿಸ್ಕ್ ತುಂಬಿತೆಂದು ಹೊಸದನ್ನು ಹಾಕಿ ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿದ. ಅಂದಿನಿಂದ ಅವನ ಫೋಲ್ಡರು ತೆರೆಯುತ್ತಿತ್ತು, ತಮ್ಮ ಮಹಾದೇವಸ್ವಾಮಿಯ ಫೋಲ್ಡರು ತೆರೆಯುತ್ತಿರಲಿಲ್ಲ. 'ಪರ್ಮಿಷನ್ ಡಿನೈಡ್' ಎಂದು ಬರುತ್ತಿತ್ತು. ತಮ್ಮನ ಮಗಳ ನಾಮಕರಣದ ವೀಡಿಯೋ ಇದ್ದದ್ದು ಅದರಲ್ಲೇ. ಅಣ್ಣನೇ ಬೇಕೆಂದು ಬೀಗ ಹಾಕಿದ್ದಾನೆ ಎಂದು ತಮ್ಮ ಮಾತು ಬಿಟ್ಟಿದ್ದ. ಒಂದೇ ಮನೆ, ಒಂದೇ ಅಡುಗೆ.

ದಿವ್ಯ ಬಸ್ಸಿಳಿದು ಹೋದಾಗ ಜಗುಲಿಯ ಮೇಲೆ ತಾಯಿ ಸರ್ವಮಂಗಳಮ್ಮ ಕೂತಿದ್ದರು.

"ರಿಪೇರಿಯವ್ರು ಬರ್ಲಿಲ್ವೇನವ್ವಾ?"

"ನಾನೇ ರಿಪೇರಿಯವ್ಳು."

ಸರ್ವಮಂಗಳಮ್ಮ ಅವಳನ್ನು ಕಾಲಿಂದ ತಲೆಯವರೆಗೆ ನೋಡಿದರು. "ಯಾವೂರು?"

"ಹೆಮ್ಮಿಗೆ."

"ಹೆಮ್ಮಿಗೇಲಿ ಯಾರ್ ಮನೆ?"

"ಮಂಟೇಸ್ವಾಮಿ ಮಗಳು."

ಯಾವ ಬೀದಿ ಎಂದು ಕೇಳುವ ಅಗತ್ಯ ಬೀಳಲಿಲ್ಲ. "ಓ" ಎಂದು ರಾಗ ಎಳೆದು ಸರ್ವಮಂಗಳಮ್ಮ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮಲ್ಲಿಕಾರ್ಜುನ್ ಹೊರಗೆ ಬಂದ.

"ಒಳಗೆಲ್ಲಾ ಪೂಜೆ ಸಾಮಾನು ಹರಡವ್ರೆ. ಇಲ್ಲೇ ಜಗಲಿ ಮೇಲೆ ಕೂತ್ಕಂಡ್ ಮಾಡ್ಬೋದಲ್ವಾ? ವೈಫೈ ಇಲ್ಗೂ ಬತ್ತದೆ."

"ಮಾಡ್ಬೋದು. ವೈಫೈದು, ಸರ್ವರ್‌ದು ಪಾಸ್‌ವರ್ಡ್ ಹೇಳಿ."

ಎರಡಕ್ಕೂ ಒಂದೇ ಎಂದು ಅವನು ಅತ್ತಿತ್ತ ನೋಡಿ ತನ್ನ ಮಗನ ಹೆಸರು ಹೇಳಿ, ಅದರ ಮುಂದೆ ಒಂದು ಎರಡು ಮೂರು ಎಂದ.

ಮಹಾದೇವಸ್ವಾಮಿಯೂ ಬಂದು ಜಗುಲಿಯ ಇನ್ನೊಂದು ತುದಿಯಲ್ಲಿ ಕೂತ. ಅಣ್ಣತಮ್ಮಂದಿರಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಬಂತು, ದಿವ್ಯಳಿಗೆ ಪೇಪರ್ ಕಪ್ಪಿನಲ್ಲಿ. ಇಂಥದ್ದಕ್ಕೆಲ್ಲ ಕಣ್ಣೀರು ಹಾಕುವ ಕಾಲ ಅವಳಿಗೆ ಎಂದೋ ಮುಗಿದಿತ್ತು. ಈಗ ಉಳಿದಿದ್ದುದು ತಾತ್ಸಾರ ಒಂದೇ. ಹೊಸ್ತಿಲು ದಾಟಿಸಲು ಮನಸ್ಸಿಲ್ಲದವನು ಇಡೀ ಮನೆಯ ಕಂಪ್ಯೂಟರನ್ನು ಬಾಯಿಮಾತಿನಲ್ಲಿ ಅವಳ ಮಡಿಲಿಗೆ ಹಾಕಿ, ಮರ್ಯಾದೆ ಉಳಿಸಿಕೊಂಡೆ ಎಂದು ಮೀಸೆ ಸವರಿಕೊಳ್ಳುತ್ತಿದ್ದ. ಕಾಫಿಯನ್ನು ಅವಳು ಮುಟ್ಟಲಿಲ್ಲ. ಲ್ಯಾಪ್‌ಟಾಪ್ ತೆರೆದಳು.

ಮಲ್ಲಿಕಾರ್ಜುನ್ ಈವರೆಗೆ ಏನೇನು ಟೈಪ್ ಮಾಡಿದ್ದನೋ ಎಲ್ಲ ಸಾಲಾಗಿ ಕಂಡಿತು. ತಮ್ಮನ ಫೋಲ್ಡರಿಗೆ 777 ಪರ್ಮಿಷನ್ ಕೊಟ್ಟಿದ್ದ. ಅಂದರೆ ಯಾರು ಬೇಕಾದರೂ ಓದಬಹುದು, ಬರೆಯಬಹುದು, ಅಳಿಸಲೂಬಹುದು. ಆಗಲಿಲ್ಲ. ಮತ್ತೆ ಅದನ್ನೇ ಕೊಟ್ಟಿದ್ದ. ಮತ್ತೂ ಅದನ್ನೇ. ಲಿಫ್ಟಿನ ಗುಂಡಿಯನ್ನು ಒತ್ತಿದ್ದೇ ಒತ್ತುವವರ ಹಾಗೆ. ಅದೂ ಹೊರಗಿನ ಫೋಲ್ಡರಿಗೆ ಮಾತ್ರ. ಒಳಗಿನವು ಹೇಗಿದ್ದವೋ ಹಾಗೇ ಇದ್ದವು.

"ಭಾರೀ ಕಷ್ಟ ಅದೆ ಅಲ್ವಾ?" ಎಂದ ಅವನು, ಆಸೆಯಿಂದ.

"ಏನೂ ಕಷ್ಟ ಇಲ್ಲ" ಎಂದಳು.

ಕಷ್ಟ ಇರಲೂ ಇಲ್ಲ. ಸಿನಿಮಾ ತೋರಿಸುವ ಪ್ರೋಗ್ರಾಂ ಕಂಟೈನರಿನಲ್ಲಿ, ಅಂದರೆ ತನ್ನದೇ ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ ಓಡುತ್ತಿತ್ತು. ಅದಕ್ಕೆ ಫೈಲಿನ ಒಡೆಯನ ಹೆಸರು ಗೊತ್ತಾಗುವುದಿಲ್ಲ, ನಂಬರ್ ಮಾತ್ರ ಗೊತ್ತು. ಅದರ ನಂಬರು 1000. ಮಲ್ಲಿಕಾರ್ಜುನನ ಮಾಮೂಲಿ ಲಾಗಿನ್ನಿನ ನಂಬರೂ ಅದೇ. ಅವನು ತನ್ನ ಫೋಲ್ಡರನ್ನು ಆ ಲಾಗಿನ್ನಿನಲ್ಲೇ ಕಾಪಿ ಮಾಡಿದ್ದರಿಂದ ಅದು ತೆರೆಯಿತು. ತಮ್ಮನದನ್ನು ಕಾಪಿ ಮಾಡುವಾಗ ನಡುವೆ ಏನೋ ತೊಡಕಾಗಿ, ತಾಳ್ಮೆಗೆಟ್ಟು, ರೂಟ್ ಎಂಬ ಯಜಮಾನ ಖಾತೆಯಿಂದ ಕಾಪಿ ಮಾಡಿದ್ದ. ಹಾಗಾಗಿ ತಮ್ಮನ ಫೈಲುಗಳಿಗೆಲ್ಲ ರೂಟೇ ಒಡೆಯ. ಬೇರೆ ಯಾರಿಗೂ ಒಳಗೆ ಪ್ರವೇಶವಿಲ್ಲ.

ದಿವ್ಯ ಒಡೆತನವನ್ನು 1000ಕ್ಕೆ ಬದಲಿಸಿದಳು. ಆ 777 ತೆಗೆದು, ಓದಲು ಎಲ್ಲರಿಗೂ, ಅಳಿಸಲು ಒಡೆಯನಿಗೆ ಮಾತ್ರ ಎಂದು ಕೊಟ್ಟಳು. ಕಂಟೈನರನ್ನು ಒಮ್ಮೆ ನಿಲ್ಲಿಸಿ ಶುರುಮಾಡಿದಳು. ಒಳಗಿನ ಟಿವಿಯಲ್ಲಿ ನಾಮಕರಣದ ನಾದಸ್ವರ ಕೇಳಿಸಿತು.

"ನೋಡಿ, ಯಾರೂ ಬೀಗ ಹಾಕಿರ್ಲಿಲ್ಲ" ಎಂದು ಅವಳು ಇಬ್ಬರಿಗೂ ಹೇಳಿದಳು. "ಇದು ರೂಟ್‌ನಿಂದ ಕಾಪಿ ಆಗಿತ್ತು, ಅಷ್ಟೇ."

"ಅದೇ ಕಣ್ರೀ ನಾನೂ ಯೋಳಾದು!" ಎಂದು ಮಹಾದೇವಸ್ವಾಮಿ ಎದ್ದು ನಿಂತ. "ನಂದ್ನ ಮಾತ್ರ ಯಾಕ್ ರೂಟ್‌ಗಾಕ್ದ? ಬೇಕ್ ಬೇಕಂತ್ಲೇ ಅಲ್ವಾ?"

"ಲೇ, ನಿಂದು ಜಾಸ್ತಿ ಇತ್ತು ಕಣ್ಲಾ! ಕೆಲ್ಸಕ್ ಬಾರದ್ನೆಲ್ಲಾ ತುಂಬ್ಸಿದ್ದೆ!"

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಇವರಿಗೆ ವೀಡಿಯೋ ಬೇಕಾಗಿರಲಿಲ್ಲ, ಜಗಳ ಬೇಕಾಗಿತ್ತು.

ಗೇಟಿನವರೆಗೆ ಬಂದ ಮಲ್ಲಿಕಾರ್ಜುನ್ ದನಿ ತಗ್ಗಿಸಿದ. "ಮೇಡಂ, ಅವನು ಎಂಗೂ ನನ್ ಮೇಲೆ ಗೂಬೆ ಕೂರಿಸ್ದ. ನಿಜವಾಗ್ಲೂ ಬೀಗ ಹಾಕ್ಬುಡಿ. ನನ್ ಫೋಲ್ಡರ್ ಅವನ್ ರೂಮಿನ್ ಟಿವೀಲಿ ಕಾಣ್ಬಾರ್ದು." ಪೇಪರ್ ಕಪ್ಪಿನವಳು ಈಗ ಮೇಡಂ ಆಗಿದ್ದಳು.

"ನಿಮ್ಮ ತಮ್ಮನಿಗೆ ನೀವೇ ಹೇಳಿ" ಎಂದು ಹೇಳಿ ಹೊರಟಳು.

ಬಸ್ ಸ್ಟ್ಯಾಂಡಿನಲ್ಲಿ ಚುರುಮುರಿ ಕಟ್ಟಿಸಿಕೊಂಡು ನಂಜನಗೂಡಿನ ಬಸ್ಸು ಹತ್ತಿ ಕೂರುವಷ್ಟರಲ್ಲಿ ಮಹಾದೇವಸ್ವಾಮಿಯ ಫೋನು ಬಂತು.

"ಅಕ್ಕಾ, ಅಲ್ಲಿಂದ್ಲೇ ಒಂದ್ ಕೆಲ್ಸ ಮಾಡ್ಬುಡಿ. ನನ್ ಫೋಲ್ಡರ್ ಅಣ್ಣನ್ ಕಣ್ಣಿಗ್ ಬೀಳ್ಬಾರ್ದು. ಅವ್ನಿಗ್ ಗೊತ್ತಾಗ್ಬಾರ್ದು."

ದಿವ್ಯಳಿಗೆ ಕೋಪ ಬರಲಿಲ್ಲ. ಬದಲಿಗೆ ಒಂದು ಬಗೆಯ ಖುಷಿಯೇ ಆಯಿತು. "ಒಂದ್ನಿಮಿಷ ಲೈನಲ್ಲಿರಿ" ಎಂದು ಅಣ್ಣನಿಗೂ ಫೋನ್ ಹಚ್ಚಿ, ಎರಡು ಲೈನನ್ನೂ ಸೇರಿಸಿದಳು.

"ಸಾರ್, ನಿಮ್ಮ ತಮ್ಮನೂ ಲೈನಲ್ಲಿದಾರೆ. ನೀವು ಗೇಟಲ್ಲಿ ಏನ್ ಕೇಳಿದ್ರೋ ಅದನ್ನೇ ಇವರೂ ಕೇಳ್ತಿದಾರೆ. ಇಬ್ರೂ ಮಾತಾಡ್ಕಳಿ."

ಜಗಳ ಶುರುವಾಯಿತು. ಗಿರಣಿ ಬಂತು, ಹೆಂಡತಿಯರು ಬಂದರು, ಸತ್ತ ಅಪ್ಪನೂ ಬಂದ. ಅವಳು ಸ್ಪೀಕರ್ ಹಾಕಿ ಫೋನನ್ನು ಬ್ಯಾಗಿಗೆ ಇಳಿಸಿ ಚುರುಮುರಿ ತಿನ್ನತೊಡಗಿದಳು. ಆಧಾರ್ ಕಾರ್ಡ್ ನೋಡಿ ಟಿಕೆಟ್ ಹರಿದುಕೊಟ್ಟ ಕಂಡಕ್ಟರು ಬ್ಯಾಗಿನ ಕಡೆ ಬಗ್ಗಿ, "ಏನಮ್ಮಾ, ಬ್ಯಾಗಲ್ ಯಾರೋ ಒಡದಾಡ್ತವ್ರೆ?" ಎಂದ.

"ಅಣ್ಣತಮ್ಮಂದ್ರು. ನಿಮ್ಗೂ ಬೇಕಾ, ಕೇಳಿ" ಎಂದಳು. ಊರು ದಾಟುವವರೆಗೂ ಇಡೀ ಬಸ್ಸು ಕೇಳಿತು. ಕೊನೆಗೆ ಸಿಗ್ನಲ್ಲೇ ಹೋಯಿತು.

ಆ ಮನೆಯಲ್ಲಿ ಈಗ ಎರಡು ಸರ್ವರುಗಳಿವೆಯಂತೆ, ಮಹಡಿಯಲ್ಲೊಂದು ಕೆಳಗೊಂದು. ಎರಡನೆಯದನ್ನು ಮೈಸೂರಿನಿಂದ ಯಾರೋ ಬಂದು ಕೂರಿಸಿದರು. ನಾಮಕರಣದ ವೀಡಿಯೋ ಯಾರ ಪಾಲಿಗೆ ಎಂಬುದರ ಮೇಲೆ ಸರ್ವಮಂಗಳಮ್ಮನೂ ಒಬ್ಬ ಮಗನ ಕಡೆ ಸೇರಿದ್ದಾರೆ. ಹೆಮ್ಮಿಗೆ ಹುಡುಗಿ ಮನೆ ಒಡೆದಳು ಎಂದು ಊರಲ್ಲಿ ಸುದ್ದಿ ಹಬ್ಬಿಸಿದ್ದೂ ಅವರೇ. ಅದರಿಂದ ಆ ಕಡೆಯ ಒಂದೆರಡು ಕ್ಯಾಮೆರಾ ಕೆಲಸ ದಿವ್ಯಳ ಕೈತಪ್ಪಿದವು.

"ಇಬ್ರಿಗೂ ಹೂಂ ಅಂದ್ಬುಟ್ಟಿದ್ರೆ ಆಗ್ತಿತ್ತಲ್ಲಾ" ಎಂದ ಗೂಡ್ಸ್ ಆಟೋ ಓಡಿಸುವ ಗಂಡ ಮದನ್, ಊಟಕ್ಕೆ ಕೂತಾಗ. "ಇಬ್ರೂ ನಿನ್ನ ಒಳ್ಳೇಳು ಅಂತಿದ್ರು."

"ಅಂಥವ್ರ ಬಾಯಲ್ಲಿ ಒಳ್ಳೇಳು ಅನ್ನಿಸ್ಕಂಡು ನನಗೇನಾಗ್ಬೇಕು?" ಎಂದು ಅವಳು ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.